ದಹೀಬಾಳ ಅಲ್‌ಹಮ್ದುಲಿಲ್ಲಾ

ನನ್ನ ಓರಗಿತ್ತಿ ದಹೀಬಾ ಮದುವೆಯಾಗಿ ಬಂದಾಗ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಮದುವೆಮನೆಗಳಲ್ಲಿ ದಫ್ ಬಡಿದು ಹಾಡುವಳು, ಗಂಡಸರನ್ನೂ ಹಂಗಿಸಿ ನಗಿಸುವಳು. ಈಗ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಅಷ್ಟೇ. ಅಣೆಕಟ್ಟು ಕಟ್ಟಿ ನಮ್ಮ ನೂಬಿಯಾದ ಊರುಗಳನ್ನು ನೈಲ್ ನದಿಯಲ್ಲಿ ಮುಳುಗಿಸಿ, ಕೋಂ ಓಂಬೋ ಪಕ್ಕದ ಈ ಸುಡುಗಾಡು ಸಾಲುಮನೆಗಳಿಗೆ ತಂದು ಸುರಿದರಲ್ಲ, ಅವಳ ತಾಯಿಯೂ ಆಮೇಲೆ ಹೀಗೇ ಮಲಗಿ ಸತ್ತಳು. ದಹೀಬಾಗೆ ಜಿನ್ನಿ ಮೆಟ್ಟಿದೆ ಅಂದರು ಊರವರು. ಅತ್ತೆ ಸೋಮಾರಿ ಅಂದಳು.

ಕೈರೋದಿಂದ ಡಾಕ್ಟರ್ ನರ್ಮೀನ್ ಬಂದಳು, ಜೊತೆಗೆ ಬರೆದುಕೊಳ್ಳುವವಳೊಬ್ಬಳು. ಈ ಖಿನ್ನತೆ ರಕ್ತದಿಂದ ಎಷ್ಟು ಬರುತ್ತದೆ, ಬದುಕಿನಿಂದ ಎಷ್ಟು ಬರುತ್ತದೆ ಎಂದು ಲೋಕವೆಲ್ಲ ಹುಡುಕಿದೆಯಂತೆ, ನಮ್ಮಂಥವರನ್ನು ಮಾತ್ರ ಯಾರೂ ಕೇಳಿಲ್ಲವಂತೆ. ಕಾಯಿಲೆ ಕಂಡವರಿಗೆ ಅಸ್ವಾನಿನ ಆಸ್ಪತ್ರೆಯಲ್ಲಿ ಚಿಕಿತ್ಸೆ. ದಹೀಬಾಗೆ ಅದೊಂದೇ ದಾರಿ.

ಡಾಕ್ಟರಮ್ಮ ದಹೀಬಾಳನ್ನು ಕೇಳತೊಡಗಿದಾಗ ಅತ್ತೆ ಪಕ್ಕದಲ್ಲೇ ಕೂತಳು.

"ನಿದ್ದೆ ಬರತ್ತಾ ಅಮ್ಮಾ?"

"ಅಲ್‌ಹಮ್ದುಲಿಲ್ಲಾ."

"ಊಟ ಸೇರತ್ತಾ?"

"ಅಲ್‌ಹಮ್ದುಲಿಲ್ಲಾ."

"ಮನಸ್ಸಿಗೆ ಬೇಜಾರು?"

"ದೇವರು ಕೊಟ್ಟಿದ್ದಕ್ಕೆಲ್ಲ ಅಲ್‌ಹಮ್ದುಲಿಲ್ಲಾ. ಟೀ ತಗೊಳ್ಳಿ."

ಬಂದವರ ಮುಂದೆ ನೋವು ಹೇಳಿಕೊಂಡರೆ ದೇವರ ಮೇಲೇ ದೂರು ಹೇಳಿದಂತೆ, ನಮ್ಮಲ್ಲಿ. ಏನೇ ಆಗಲಿ, ದೇವರಿಗೆ ಸ್ತುತಿ ಅನ್ನಬೇಕು, ಅದೇ ಅಲ್‌ಹಮ್ದುಲಿಲ್ಲಾ. ರಕ್ತದಿಂದ ಬಂದದ್ದು ಎಂಜಲಲ್ಲೂ ಗೊತ್ತಾಗುತ್ತದಂತೆ, ಡಾಕ್ಟರಮ್ಮ ಅವಳ ಎಂಜಲನ್ನು ಶೀಶೆಗೆ ಹಿಡಿದು, "ಇವರನ್ನ ಆರೋಗ್ಯವಂತರ ಗುಂಪಿಗೆ ಸೇರಿಸಿ" ಎಂದು ಜೊತೆಯವಳಿಗೆ ಹೇಳಿ ಎದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಲ್ಲಿ! ಇವಳು ಆರೋಗ್ಯವಂತೆನಾ? ಹಾಗಿದ್ರೆ ಕಾಯಿಲೆಯವಳು ಯಾರು, ನಾನಾ?"

"ಅವರೇ ಹೇಳಿದ್ರಲ್ಲಮ್ಮ."

"ನಿಮ್ಮ ತಾಯಿ ಇದಾರಾ?"

"ಹೋದ ವರ್ಷ ತೀರ್ಕೊಂಡ್ರು."

"ಅವತ್ತು ದುಃಖ ಕೇಳೋಕೆ ಬಂದವರು ಹೇಗಿದ್ದೀಯಾ ಅಂದಾಗ ಏನಂದ್ರಿ?"

"ಅಲ್‌ಹಮ್ದುಲಿಲ್ಲಾ ಅಂದೆ" ಎಂದಳು. ಅವಳೂ ಈ ದೇಶದವಳೇ ತಾನೇ! ಮತ್ತೆ ಕೂತಳು.

"ಮನೆ ಮರ್ಯಾದೆ ಬೀದಿಪಾಲು ಮಾಡ್ತೀಯೇನೆ?" ಅತ್ತೆ ಕಿರುಚಿದಳು.

"ಮರ್ಯಾದೆನ ಅಂಗಳದಲ್ಲಿ ಕೂತು ಕಾಯ್ಕೊಳ್ಳಿ ಅತ್ತೆ" ಎಂದು ರಟ್ಟೆ ಹಿಡಿದು ಹೊರಗೆ ಕರೆದೊಯ್ದೆ.

ತಿರುಗಿ ಬಂದಾಗ ಡಾಕ್ಟರಮ್ಮ ಮೆಲ್ಲಗೆ ಕೇಳುತ್ತಿದ್ದಳು, "ಬೆಳಗ್ಗೆ ಕಣ್ಣು ಬಿಟ್ಟಾಗ ಏನನ್ಸತ್ತೆ?"

ದಹೀಬಾ ಅತ್ತೆ ಹೋದ ಬಾಗಿಲನ್ನೊಮ್ಮೆ ನೋಡಿದಳು.

"ಇವತ್ತೂ ಎದ್ದೆನಲ್ಲಾ ಅನ್ಸತ್ತೆ. ನಾಳೆ ಏಳಿಸ್ಬೇಡಪ್ಪಾ ಅಂತ ದಿನಾ ಬೇಡ್ಕೋತೀನಿ."

ಜೊತೆಯವಳು ಆರೋಗ್ಯವಂತೆ ಅನ್ನೋದನ್ನು ಹೊಡೆದುಹಾಕಿ ಕಾಯಿಲೆಯವಳು ಎಂದು ಬರೆದಳು. ಸದ್ಯ, ಚಿಕಿತ್ಸೆ ಸಿಕ್ಕಿತು ಎಂದು ನನಗೆ ಖುಷಿಯಾಯಿತು. ಸಾಯಬೇಕು ಅಂದವಳ ಮಾತಿಗೆ ಖುಷಿಪಡುವ ಗತಿ ನನಗೆ ತಂದವರು ಯಾರ್ಯಾರೋ, ಅವರ ಮನೆ ಹಾಳಾಗಲಿ.