ಅಂಚಿನ ನಲವತ್ತೆಂಟು ಸಾಲು

ಯಜಮಾನರ ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ನನಗೆ ಅಳು ಬಂದಿರಲಿಲ್ಲ. ನೆಂಟರು ಆಡಿಕೊಂಡರು, ಆಡಿಕೊಳ್ಳಲಿ. ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗವನ್ನು ಹಿಂದಿನ ಬೀದಿಯ ನೇಕಾರ ಭಾನುವಾರ ಬಿಚ್ಚಿಕೊಂಡು ಹೋಗುವವನಿದ್ದ. ಯಜಮಾನರ ಸೀರೆಯಂಚಿನ ಲೆಕ್ಕವೂ ಬೇಕು, ತಾನೂ ಅದನ್ನೇ ನೇಯುತ್ತೇನೆ ಎಂದಿದ್ದ. ಆ ಹೂವಿನ ಅಂಚು ಬೇರೆ ಯಾರಿಗೂ ಬಾರದು. ನೇಯ್ದ ಸೀರೆಗಳೆಲ್ಲ ಮಾರಿಹೋಗಿದ್ದವು, ಮನೆಯಲ್ಲಿ ಒಂದು ತುಂಡೂ ಇರಲಿಲ್ಲ. ಇದ್ದದ್ದು ನನ್ನ ಕಿವಿಯಲ್ಲಿ. ಅವರು ಸಾಲು ಸಾಲಿಗೂ "ಮೂರು ಎತ್ತು, ಎರಡು ಬಿಡು" ಎನ್ನುತ್ತಿದ್ದರು, ಪಕ್ಕದಲ್ಲಿ ಕೂತು ನಾನು ಎಳೆ ಎತ್ತಿ ಅಂಚಿನ ಲಾಳಿ ಎಸೆಯುತ್ತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು, ಬರೆಯುವುದು ನಿಧಾನ. ಚಳ್ಳಕೆರೆಯಲ್ಲಿ ಕಂಪ್ಯೂಟರ್ ಓದುವ ಮಗಳ ಮಗಳು ಲ್ಯಾಪ್‌ಟಾಪ್ ತೆಗೆದು ಕೂತಳು. ನಾನು ಹೇಳಿದೆ, ಅವಳು ಎಡಿಟರ್ ಅನ್ನುವ ಪುಟದಲ್ಲಿ ಬರೆದುಕೊಂಡಳು. ಕೊನೆಗೆ ಅಲ್ಲೇ ಒಂದು ಕಮಾಂಡ್ ಒತ್ತಿದಳು.

"ಅದೇನೇ ಮಾಡಿದ್ದು?"

"ಶೆಲ್ಲಿಗೆ ಹೇಳ್ದೆ ಅಜ್ಜಿ, ಕಂಪ್ಯೂಟರಿಗೆ ಅಪ್ಪಣೆ ಮುಟ್ಸೋದು ಅದೇ. ಎಡಿಟರ್ ಬಿಟ್ಟು ಹೊರಗೆ ಹೋಗೋದೇ ಬ್ಯಾಡ. ಇಲ್ಲಿಂದ್ಲೇ ಹೇಳಿದ್ರೆ ಅದು ಕೆಲಸ ಮಾಡಿ ಇಲ್ಲಿಗೇ ತಂದಿಕ್ತೈತೆ. ಒಳಗಿರೋ ಆಳು ಅನ್ಕೋ."

"ಸಂಬಳ ಇಲ್ದಿರೋ ಆಳು. ನನ್ ತರ."

ಮಾರನೇ ದಿನ ಓದಿಸಿದೆ. ಮೂರು ಎತ್ತುವ ಸಾಲು ಒಂದೇ ಒಂದು ಇತ್ತು. ಮಿಕ್ಕವೂ ಹಾಗೆಯೇ, ಒಂದೊಂದೇ, ಸಂಖ್ಯೆ ಪ್ರಕಾರ ಜೋಡಿಸಿಟ್ಟಂತೆ. ಹದಿನಾಲ್ಕು ಸಾಲಿಗೆ ಮುಗಿದೇ ಹೋಯಿತು.

"ಹೇಳಿದ್ದೇ ಹೇಳ್ತಿದ್ದೆ ಅಜ್ಜಿ. ತಾತ ಹೋದ ದುಃಖಕ್ಕೆ ಮರೀತಿದೀಯ ಅನ್ಕಂಡು, ಮತ್ತೆ ಮತ್ತೆ ಬಂದ ಸಾಲು ಒಂದೊಂದೇ ಉಳಿಸಿ ಜೋಡಿಸು ಅಂತ ಕಮಾಂಡ್ ಕೊಟ್ಟೆ. ಸೇವ್ ಮಾಡಿ ಮುಚ್ಚಿಬಿಟ್ಟೆ. ಹಳೇದು ಇನ್ನು ಬರಲ್ಲ."

"ಹೂವು ಆಗೋದೇ ಹೇಳಿದ್ದನ್ನ ಹೇಳೋದ್ರಿಂದ, ಮೂದೇವಿ."

ಅವಳು ಅತ್ತಳು. ಮನೆಯಲ್ಲಿ ಒಬ್ಬರಾದರೂ ಅತ್ತರಲ್ಲ ಎಂದುಕೊಂಡೆ.

ಈ ಸಲ ಮಗ್ಗದಲ್ಲೇ ನನ್ನ ಜಾಗಕ್ಕೆ ಹೋಗಿ ಕೂತೆ, ಅವಳನ್ನು ಅವರ ಜಾಗದಲ್ಲಿ ಕೂರಿಸಿದೆ. ನೂಲಿಲ್ಲದ ಲಾಳಿಯನ್ನು ಎಸೆಯುತ್ತಾ ಹೇಳಿದೆ. ಕೈ ಆಡಿದಂತೆ ಸಾಲು ತಾನಾಗಿ ಬಂತು. ಮುಗಿದಾಗ ಎಷ್ಟಾಯಿತು ಎಂದೆ. ಎಡಿಟರಿನಿಂದಲೇ ಶೆಲ್ಲಿಗೆ ಎಣಿಸಲು ಹೇಳಿದಳು. ನಲವತ್ತಾರು.

ಒಂದು ಹೂವಿಗೆ ನಲವತ್ತೆಂಟು. ಅವರು ಸಾವಿರ ಸಲ ಹೇಳಿದ್ದರು. ಇನ್ನೊಮ್ಮೆ ಮಾಡಿದೆವು. ಮತ್ತೆ ನಲವತ್ತಾರೇ.

ಆಮೇಲೆ ಹೊಳೆಯಿತು. ಹೂವಿನ ನಡುವೆ ಎರಡು ಸಾಲಿಗೆ ನನ್ನ ಲಾಳಿ ನಿಲ್ಲುತ್ತಿತ್ತು. ಆ ಎರಡನ್ನು ಅವರೊಬ್ಬರೇ ಎತ್ತಿ ನೇಯುತ್ತಿದ್ದರು, ಬಾಯಲ್ಲಿ ಹೇಳುತ್ತಿರಲಿಲ್ಲ. ನಾನು ಆಗ ಎಲೆಯಡಿಕೆ ಮಡಿಸುತ್ತಿದ್ದೆ. ಆ ಎರಡು ಸಾಲು ಏನೆಂದು ಒಂದು ದಿನವೂ ಕೇಳಲಿಲ್ಲ.

"ಅಂದಾಜಿಗೆ ಏನಾದ್ರೂ ಹಾಕ್ಲಾ?"

"ಬ್ಯಾಡ. ಖಾಲಿ ಬಿಡು."

ಭಾನುವಾರ ನೇಕಾರ ಬಂದು, ಮೊಮ್ಮಗಳು ಲೆಕ್ಕ ಇಳಿಸಿಕೊಟ್ಟ ಕಾಗದ ನೋಡಿದ.

"ಆ ಎರಡು ನಾನೇ ಕೂಡಿಸ್ಕಂತೀನಿ ಬಿಡ್ರಿ ದೊಡ್ಡಮ್ಮ. ಯಾರಿಗೆ ಗೊತ್ತಾಗ್ತೈತೆ?"

"ಕೂಡಿಸ್ಕೋ. ಆದ್ರೆ ಅದು ಅವರ ಅಂಚು ಅಂತ ಯಾರಿಗೂ ಹೇಳ್ಬ್ಯಾಡ."

ಅವನು ಮಗ್ಗದ ಹಗ್ಗ ಬಿಚ್ಚತೊಡಗಿದ. ಮರ ಭಾರವಿತ್ತು. ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.