ಚಿಕ್ಕಪ್ಪನ ಮಾತುಗಳಿದ್ದ ಡಿಸ್ಕ್

ನಮ್ಮ ಚಿಕ್ಕಮ್ಮ ಕೂತದ್ದನ್ನು ನೋಡಿದವರು ಕಡಿಮೆ. ಕಂಪ್ಯೂಟರ್ ರಿಪೇರಿ ಕೂತು ಮಾಡುವ ಕೆಲಸ. ಮನೆಯ ಮುಂಗೋಣೆಯಲ್ಲಿ ಇವಳು ಅದನ್ನೂ ನಿಂತೇ ಮಾಡುತ್ತಾಳೆ. ಕೈ ಸ್ಕ್ರೂ ಬಿಚ್ಚುತ್ತಿದ್ದರೆ ಬಾಯಿ ಫೋನಿನಲ್ಲಿ ಯಾರನ್ನೋ ಬೈಯುತ್ತಿರುತ್ತದೆ. ಆದರೆ ಕೆಟ್ಟ ಡಿಸ್ಕ್ ಹಿಡಿದು ಬಂದವರಿಗೆ ಉಪದೇಶ ಒಂದೇ: “ಆತುರ ಬೇಡ. ಮೊದಲು ಇದ್ದದ್ದು ಇದ್ದ ಹಾಗೇ ನಕಲು ತೆಗೀಬೇಕು. ರಿಪೇರಿ ಏನಿದ್ರೂ ನಕಲಿನ ಮೇಲೆ.”

ದೀಪದ ಬುಡದಲ್ಲೇ ಕತ್ತಲೆ. ಚಿಕ್ಕಪ್ಪನ ಡಿಸ್ಕಿಗೆ ನಕಲೇ ಇರಲಿಲ್ಲ.

ಗಂಟಲಿನ ಆಪರೇಷನ್ ಆದರೆ ದನಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ, ಚಿಕ್ಕಪ್ಪ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟರು. ‘ನೀರು ಕೊಡು’, ‘ಯಾರು ಬಂದಿದ್ದು’, ‘ಸಾಕು ಕಣೇ, ಕೂತ್ಕೋ’. ಒಂದೊಂದು ಮಾತಿಗೂ ಒಂದು ಫೈಲು, ಅದಕ್ಕೊಂದು ಹೆಸರು. ಹೆಸರು ನೋಡಿ ಒತ್ತಿದರೆ ಅವರದೇ ದನಿ ಕೇಳುತ್ತಿತ್ತು. ಆಪರೇಷನ್‌ಗೂ ತಮಾಷೆ ಮಾಡುತ್ತಲೇ ಹೋಗಿದ್ದರು: “ಇನ್ಮೇಲೆ ಜಗಳದಲ್ಲಿ ನೀನೇ ಗೆಲ್ಲು.”

ಮೊನ್ನೆ ಬೆಳಿಗ್ಗೆ ಡಿಸ್ಕ್ ತೆರೆಯಲಿಲ್ಲ. ಫೈಲ್ ಸಿಸ್ಟಮ್ ಕೆಟ್ಟಿದೆ, ಸರಿಪಡಿಸಲೇ ಎಂದು ಪರದೆ ಕೇಳಿತು. ಚಿಕ್ಕಪ್ಪ ಬೆರಳಲ್ಲಿ ಮೇಜು ಕುಟ್ಟುತ್ತಾ ಕೂತರು. ಚಿಕ್ಕಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಕೋಣೆಗೆ ಓಡಾಡಿದಳು. ನಕಲು ತೆಗೆಯಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಆ ಮೌನವನ್ನು ತಡೆಯಲಾರದೆ ‘ಸರಿಪಡಿಸು’ ಒತ್ತಿಯೇಬಿಟ್ಟಳು. ಪಕ್ಕದ ಮೇಜಿನಲ್ಲಿ ಅವಳ ಜೊತೆಗೇ ಕೆಲಸ ಮಾಡುವ ನಾನು “ಚಿಕ್ಕಮ್ಮಾ, ನಕಲು!” ಎಂದು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡಿಸ್ಕೇನೋ ತೆರೆಯಿತು. ಆದರೆ ಫೈಲುಗಳ ಹೆಸರೆಲ್ಲ ಹೋಗಿ ಬರೀ ನಂಬರಿನ ತುಂಡುಗಳು ಉಳಿದಿದ್ದವು, ಎಷ್ಟೋ ಕಾಣೆಯಾಗಿದ್ದವು.

“ನನ್ನ ಕೈಗೆ ಬರೆ ಹಾಕ್ಬೇಕು,” ಎಂದು ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಖಾಲಿ ಡಿಸ್ಕೊಂದನ್ನು ತಂದು ಅವಳ ಮುಂದೆ ಕುಕ್ಕಿದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈಗ ನಕಲು ತೆಗೆದಳು. ಅದರಲ್ಲಿ ಅಳಿದುಹೋದದ್ದನ್ನೆಲ್ಲ ಕೆದಕಿ ತೆಗೆಯುವ ಸಾಫ್ಟ್‌ವೇರ್ ಓಡಿಸಿದಳು. ಮಾರನೆಯ ದಿನ ಇಬ್ಬರೂ ಒಂದೊಂದೇ ತುಂಡು ಕೇಳುತ್ತಾ ಕೂತೆವು. ಅವಳು ಹೇಳಿದ ಹೆಸರನ್ನು ನಾನು ಟೈಪ್ ಮಾಡುತ್ತಿದ್ದೆ. ‘ನೀರು ಕೊಡು’ ಸಿಕ್ಕಿತು. ‘ಯಾರು ಬಂದಿದ್ದು’ ನಡುವೆಯೇ ತುಂಡಾಗಿತ್ತು. ಕೆಲವದರಲ್ಲಿ ಬರೀ ಕರಕರ. ಪ್ರತಿ ಕರಕರಕ್ಕೂ ಅವಳು ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದಳು. ಸಂಜೆ ಹೊತ್ತಿಗೆ ಮುಕ್ಕಾಲು ಪಾಲು ಮಾತು ಕೈಗೆ ಬಂದಿತ್ತು.

ಆಮೇಲೆ ಇನ್ನೊಂದು ತುಂಡು ಒತ್ತಿದೆ. ಚಿಕ್ಕಪ್ಪ ಆಪರೇಷನ್‌ಗೆ ಮೊದಲು ರೆಕಾರ್ಡ್ ಮಾಡಿ, ಯಾರಿಗೂ ಕೇಳಿಸಬಾರದೆಂದು ಅಳಿಸಿಹಾಕಿದ್ದು ಅದು.

“ನಂಗೆ ಭಯ ಆಗ್ತಿದೆ ಕಣೇ. ತುಂಬಾ ಭಯ ಆಗ್ತಿದೆ.”

ಬಾಗಿಲಲ್ಲಿದ್ದ ಚಿಕ್ಕಪ್ಪ ಅದನ್ನು ನಿಲ್ಲಿಸಲು ಓಡಿಬಂದು ಕೈ ಚಾಚಿದರು. ಚಿಕ್ಕಮ್ಮ ಆ ಕೈ ಹಿಡಿದುಕೊಂಡಳು.

“ನಂಗೂ ಆಗಿತ್ತು ರೀ. ಆಗ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?”

ಚಿಕ್ಕಪ್ಪ ಇನ್ನೊಂದು ಕೈಯಲ್ಲಿ ಮೌಸ್ ಹಿಡಿದು, ಸಿಕ್ಕಿದ್ದ ಮಾತುಗಳನ್ನೆಲ್ಲ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕುತ್ತಲೇ ಇದ್ದರು. ಅದಕ್ಕೆ ಉತ್ತರವಾಗುವಂಥ ಮಾತು ಅವರು ಉಳಿಸಿಟ್ಟಿದ್ದರಲ್ಲಿ ಒಂದೂ ಇರಲಿಲ್ಲ.