ನಾನೇ ಎರಡು ಪಾಲು ಮಾಡಿದ ಬನ್ನಿ

ಜ್ಯೋತಿ, ಆ ದಸರೆಯಲ್ಲಿ ಮೇಘನಾ ನಿನಗೆ ಬನ್ನಿ ಕಳಿಸಿರಲಿಲ್ಲ. ನಿನ್ನ ಪತ್ರ ಅವಳ ಕೈ ಸೇರಿರಲೇ ಇಲ್ಲ. ನಿನ್ನವ್ವನಾದ ನಾನು ಹದಿನೆಂಟು ವರ್ಷ ಈ ಸುಳ್ಳನ್ನು ಕಾಪಾಡಿಕೊಂಡು ಬಂದಿದ್ದೇನೆ.

ನೀನಾಗ ಒಂಬತ್ತನೆಯ ತರಗತಿ. ಪರೀಕ್ಷೆಯಲ್ಲಿ ನಿನ್ನ ಕಂಪಾಸ್ ಡಬ್ಬಿಯಲ್ಲಿ ಚೀಟಿ ಸಿಕ್ಕಿತು. ಹೆದರಿದ ನೀನು, ಮೇಘನಾ ಕೊಟ್ಟಳು ಅಂದುಬಿಟ್ಟೆ. ಮೇಘನಾ — ಮೇಲಿನ ಮಹಡಿಯವಳು, ನಮ್ಮಂತೆಯೇ ಗದಗಿನ ಕಡೆಯವರ ಮಗಳು, ಪುಣೆಯ ಆ ಶಾಲೆಯಲ್ಲಿ ನಿನಗಿದ್ದ ಒಬ್ಬಳೇ ಕನ್ನಡದ ಗೆಳತಿ. ಸರ್ ಎಲ್ಲರೆದುರು ಅವಳ ಉತ್ತರಪತ್ರಿಕೆ ಹರಿದರು. ಅವಳಪ್ಪ ಶಾಲೆ ಬಿಡಿಸಿ, ಶಿರೂರಿನ ಸೋದರಮಾವನ ಮನೆಗೆ ಕಳಿಸುವುದೆಂದು ತೀರ್ಮಾನಿಸಿದರು.

ನೀನು ಎರಡು ದಿನ ಊಟ ಬಿಟ್ಟೆ. ದಸರೆಯ ಸಂಜೆ ಮಡಿಸಿದ ಪತ್ರ, ಅದರ ಮೇಲೊಂದು ಹಿಡಿ ಬನ್ನಿ ಎಲೆ ತಂದು ನನ್ನ ಕೈಗಿಟ್ಟೆ.

"ಅವ್ವಾ, ನನಗ ಅಕಿ ಮಾರಿ ನೋಡೋ ಧೈರ್ಯ ಇಲ್ಲ. ನೀನ ಕೊಟ್ಟು ಬಾ. ಖರೇ ಏನದ ಎಲ್ಲಾ ಬರದೀನಿ."

ಬನ್ನಿ ಕೊಟ್ಟರೆ ಮುನಿಸು ಮುಗಿಸೋಣವೆಂದು ಕೇಳಿದಂತೆ. ತಿರುಗಿ ಕೊಟ್ಟರೆ ಮನ್ನಿಸಿದಂತೆ. ನಿನಗೆ ಇದನ್ನು ಕಲಿಸಿದವಳೂ ನಾನೇ.

ಮೆಟ್ಟಿಲಲ್ಲಿ ನಿಂತು ಪತ್ರ ಓದಿದೆ. 'ಚೀಟಿ ನನ್ನದು, ನಿಮ್ಮಪ್ಪ ಇದನ್ನು ಸರ್‌ಗೆ ತೋರಿಸಲಿ' ಎಂದು ನೀನು ಬರೆದಿದ್ದೆ. ತೋರಿಸಿದರೆ ನಿನ್ನ ಗತಿ — ನನ್ನ ತಲೆಯಲ್ಲಿ ಅಷ್ಟೇ. ಅವರ ಮನೆಯೊಳಗಿಂದ ಮೇಘನಾಳ ದನಿ ಬಂತು: "ಅಪ್ಪಾ, ನಿಮ್ಮಾಣೆಗೂ ನಾ ಕೊಟ್ಟಿಲ್ಲ."

"ಬಾಯಿ ಮುಚ್ಚು. ಮೊದಲು ಟ್ರಂಕ್ ತುಂಬು."

ಬಾಗಿಲು ತಟ್ಟಲು ಎತ್ತಿದ ಕೈ ಇಳಿಯಿತು. ಪತ್ರವನ್ನು ಅಲ್ಲೇ ಚೂರುಚೂರು ಮಾಡಿದೆ. ಬನ್ನಿಯನ್ನು ಎರಡು ಪಾಲು ಮಾಡಿದೆ — ಅರ್ಧ ಕಿಟಕಿಯಾಚೆ, ಅರ್ಧ ಸೆರಗಿನಲ್ಲಿ.

"ಕೊಟ್ಟು ಬಂದೀನಿ ಜ್ಯೋತಿ. ಅಕೀನೂ ಬನ್ನಿ ಕೊಟ್ಟಾಳ, ತಗೋ."

"ಅವರಪ್ಪಗ ತೋರಸ್ತಾಳಂತ?"

"ಬ್ಯಾಡ ಅಂದ್ಲು. ಜ್ಯೋತಿ ಹೆಸರು ಯಾಕ ಕೆಡಬೇಕು, ಅಂದ್ಲು."

ನೋಡು — ಅವಳ ಬಾಯಿಯಲ್ಲಿ ಎಂಥ ಮಾತು ಇಟ್ಟೆ! ನೀನು ಎಲೆಗಳನ್ನು ಕಣ್ಣಿಗೊತ್ತಿಕೊಂಡು, ಆ ಹೊತ್ತು ಎರಡು ರೊಟ್ಟಿ ತಿಂದೆ. ನೋಡಿ ನನಗೆ ಸಮಾಧಾನವಾಯಿತು. ಹೌದು, ಅದನ್ನೂ ಮುಚ್ಚಿಡಲಾರೆ. ಮೂರನೆಯ ದಿನ ಮೇಘನಾ ಹೋದಳು. ಕ್ಷಮೆ ಸಿಕ್ಕಿತೆಂದು ನೀನು ಅವಳನ್ನು ಮತ್ತೆ ಹುಡುಕಲಿಲ್ಲ.

ಈಗ ಇದೇ ಪುಣೆಯ ಖರಾಡಿಯ ನಿನ್ನ ಮನೆಗೆ, ತಪ್ಪು ಮಾಡಿ ಕುಗ್ಗಿದ ಹರೆಯದ ಮಕ್ಕಳು ಬರುತ್ತಾರೆ. ನೀನು ಬೈಯುವುದಿಲ್ಲ, ಕೂಡಿಸಿಕೊಂಡು ಕೇಳುತ್ತೀ. ಕಳೆದ ಭಾನುವಾರ ಬಂದಿದ್ದ ಹುಡುಗಿ ಗೆಳತಿಯ ಫೋಟೊ ಎಲ್ಲರ ಮೊಬೈಲಿಗೂ ಹಂಚಿ, ಅವಳು ಶಾಲೆಗೇ ಬಾರದಂತೆ ಮಾಡಿದ್ದಳು. ಅವಳಿಗೆ ನೀನು ಮೇಘನಾಳ ಕಥೆ ಹೇಳಿದೆ. ನಾನು ಅಡುಗೆಮನೆಯಲ್ಲಿ ಮೆಂತ್ಯಪಲ್ಲೆಯ ಎಲೆ ಬಿಡಿಸುತ್ತಿದ್ದೆ.

"ಖರೇನ ಮಾಫ್ ಮಾಡಿದ್ಲಾ ಅಕ್ಕಾ?"

"ಬನ್ನಿ ಕೊಟ್ಟು ಕಳಿಸಿದ್ಲಲ್ಲ! ನೀನೂ ಪತ್ರ ಬರಿ. ಯಾರ ಕೈಲಾದ್ರೂ ಕಳಸು, ನಡೀತದ."

ನಡೆಯುವುದಿಲ್ಲ ಜ್ಯೋತಿ. ಎದ್ದು ಬಂದು ಹಾಗೆಂದು ಹೇಳಬೇಕಿತ್ತು — ಅಲ್ಲೇ ಕೂತೆ.

ಹೆದರಿ ಮಾಡಿದೆ ಎನ್ನಲಾರೆ. ಹೆದರಿದ್ದು ಹದಿನಾಲ್ಕರ ನೀನು. ಆದರೂ ಖರೆ ಬರೆದೆ. ನನಗೆ ನಲವತ್ತಾಗಿತ್ತು. ತಪ್ಪು ತಿದ್ದಿಕೊಳ್ಳಲು ನೀನು ಇಟ್ಟ ಹೆಜ್ಜೆಯನ್ನು ನಾನು ತಡೆದೆ; ಮೇಘನಾಳಿಂದ ಅವಳ ಶಾಲೆಯನ್ನೇ ಕಸಿದೆ.

ಈ ಭಾನುವಾರ ಆ ಹುಡುಗಿ ಬರುವ ಮೊದಲು ಇದನ್ನು ಓದು. ಮೇಘನಾಳ ಸೋದರಮಾವನ ಅಂಗಡಿ ಇನ್ನೂ ಶಿರೂರಿನಲ್ಲೇ ಇದೆಯಂತೆ, ವಿಚಾರಿಸಿದ್ದೇನೆ; ಅಲ್ಲಿ ಅವಳ ಪತ್ತೆ ಸಿಕ್ಕೀತು. ಒಬ್ಬಳೇ ಹೋಗಿ ಎಲ್ಲ ಹೇಳಿ ಬರೋಣವೆನ್ನಿಸಿತು. ಆದರೆ ನಿನ್ನ ಮಾತನ್ನು ಇನ್ನೊಮ್ಮೆ ನಾನು ಒಯ್ಯುವುದಿಲ್ಲ. ನೀನು ಹೊರಟ ದಿನ, ಕರೆದರೆ, ಹಿಂದೆ ಬರುತ್ತೇನೆ. ನೀನು ಹೇಳಿ ಮುಗಿಸಿದ ಮೇಲೆ ನನ್ನ ಪಾಲಿನದನ್ನು ಮೇಘನಾಳೆದುರು ನಾನೇ ಹೇಳುತ್ತೇನೆ.